ಗಾವಠಿ ಶಾಲೆಯ ಪಾಠಕ್ರಮ: ಒಂದೇ ಪೌಳಿಯಲ್ಲಿ ಹಿರಿಯ ಕಿರಿಯ ಮಕ್ಕಳು

ಬಾಗಲಕೋಟೆ ತಾಲೂಕಿನ ತುಳಸಿಗೇರಿಯು ಹನುಮಪ್ಪನ ಕ್ಷೇತ್ರವೆಂದು ಸುತ್ತಣ ಸೀಮೆಗೆಲ್ಲ ಪರಿಚಿತವಾದ ಊರು. 2020ನೆಯ ಇಸವಿಯ ಶ್ರಾವಣದಲ್ಲಿ, ಕೊರೋನಾ ಮಹಾಮಾರಿಯ ದೆಸೆಯಿಂದ ಶಾಲೆಗಳೆಲ್ಲ ಬಾಗಿಲು ಹಾಕಿದ್ದ ಸಮಯದಲ್ಲಿ, ಆ ಊರಿನ ಶರಣೆಯೊಬ್ಬರು ಪ್ರಸ್ತುತ ಲೇಖಕನನ್ನು ಕಂಡು ಒಂದು ಮಾತನ್ನು ಕೇಳಿದರು. ಅವರಿಗೆ ಮೂವರು ಮಕ್ಕಳು. ಹಿರಿಯವಳಿಗೆ ಹನ್ನೆರಡು ವರ್ಷ, ನಡುವಿನವನಿಗೆ ಎಂಟು, ಕಿರಿಯವನಿಗೆ ಐದು. ಮೂವರಿಗೂ ಮೂರು ತರಗತಿಯ ಪುಸ್ತಕಗಳು, ಮೂರು ಬಗೆಯ ಪಾಠಗಳು. ಮನೆಯಲ್ಲಿ ಅಕ್ಷರ ಬಲ್ಲವರು ಆ ತಾಯಿ ಒಬ್ಬರೇ. ಶಾಲೆ ಯಾವಾಗ ತೆರೆದೀತೆಂಬ ಭರವಸೆ ಇಲ್ಲದೆ, ಎರಡು ಮೂರು ವರ್ಷಗಳ ಮಟ್ಟಿಗಾದರೂ ಮನೆಯಲ್ಲಿಯೇ ಓದಿಸಬೇಕಾಗಿ ಬಂದರೆ ಹೇಗೆ ಎಂಬುದು ಅವರ ಚಿಂತೆಯಾಗಿತ್ತು. "ಗುರುಗಳ, ಮೂರು ಮಕ್ಕಳಿಗೆ ಮೂರು ಒಲಿ ಹೂಡಾಕ ಆಗತೈತೇನ್ರೀ?" ಎಂದು ಅವರು ಕೇಳಿದ ಪ್ರಶ್ನೆಗೆ ಆಗ ತಕ್ಕ ಉತ್ತರ ದೊರೆಯಲಿಲ್ಲ. ಆದರೆ ಆ ಪ್ರಶ್ನೆಯು ಮನಸ್ಸಿನಲ್ಲಿ ಉಳಿಯಿತು. ಅದು ಹೊಸ ಪ್ರಶ್ನೆಯಲ್ಲವೆಂಬುದೂ, ನಮ್ಮ ನಾಡಿನ ಐಗಳು ಅದಕ್ಕೆ ತಲೆಮಾರುಗಳ ಕಾಲ ಪ್ರತಿದಿನವೂ ಉತ್ತರ ಕೊಡುತ್ತಲೇ ಬಂದಿದ್ದರೆಂಬುದೂ ಹಳೆಯ ದಾಖಲೆಗಳನ್ನು ಮತ್ತೊಮ್ಮೆ ಓದಿದಾಗ ಸ್ಪಷ್ಟವಾಯಿತು.

ಒಂದು ವಯಸ್ಸಿನ ಮಕ್ಕಳಿಗೆ ಒಂದು ತರಗತಿ, ಒಂದು ತರಗತಿಗೆ ಒಂದು ವರ್ಷ, ವರ್ಷದ ಕೊನೆಗೆ ಒಂದು ಪರೀಕ್ಷೆ: ಈ ವ್ಯವಸ್ಥೆಯು ಅನಾದಿಯಿಂದಲೂ ಬಂದಿದೆಯೋ ಎಂಬಂತೆ ನಾವಿಂದು ಭಾವಿಸುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯದೆಯು ಸಹ ಶಾಲೆಯ ಹೊರಗುಳಿದ ಮಗುವನ್ನು ಅದರ ವಯಸ್ಸಿಗೆ ಅನುಗುಣವಾದ ತರಗತಿಗೇ ಸೇರಿಸತಕ್ಕದ್ದೆಂದು ವಿಧಿಸಿದೆ. ಆದರೆ ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಈ ಕ್ರಮವು ಬೇರೂರಿದ್ದು 1855ರಲ್ಲಿ ಸರಕಾರದ ವಿದ್ಯಾಖಾತೆಯು ಸ್ಥಾಪಿತವಾದ ಮೇಲೆಯೇ. ಅದಕ್ಕೆ ಮುಂಚೆ, ಮತ್ತು ಅದಾದ ಮೇಲೆಯೂ ಬಹುಕಾಲದವರೆಗೆ, ಊರ ಗುಡಿಯ ಪೌಳಿಯಲ್ಲಿ, ಮಠದ ಪಡಸಾಲೆಯಲ್ಲಿ, ಅನುಕೂಲಸ್ಥರ ಮನೆಯ ಕಟ್ಟೆಯ ಮೇಲೆ ನಡೆಯುತ್ತಿದ್ದುದು ಗಾವಠಿ ಶಾಲೆ. ಮೈಸೂರು ಸೀಮೆಯವರು ಇದನ್ನೇ ಕೂಲಿಮಠವೆಂದರು. ನಮ್ಮ ಕಡೆ ಐಗಳ ಶಾಲೆ ಎಂಬ ಹೆಸರೂ ಬಳಕೆಯಲ್ಲಿತ್ತು. ಐಗಳು ಎಂದರೆ ಅಯ್ಯಗಳು. ಪಾಠ ಹೇಳುವ ಕಾಯಕವನ್ನು ಜಂಗಮರು ಎಷ್ಟರ ಮಟ್ಟಿಗೆ ತಮ್ಮದಾಗಿಸಿಕೊಂಡಿದ್ದರೆಂಬುದಕ್ಕೆ ಆ ಶಬ್ದವೊಂದೇ ಸಾಕ್ಷಿ. ಐದು ವರ್ಷದ ಕೂಸಿನಿಂದ ಮೀಸೆ ಮೂಡುತ್ತಿರುವ ತರುಣನವರೆಗೆ ಎಲ್ಲರೂ ಅಲ್ಲಿ ಒಂದೇ ಸೂರಿನಡಿ, ಒಬ್ಬನೇ ಗುರುವಿನ ಕಣ್ಣಳವಿಯಲ್ಲಿ ಕುಳಿತಿರುತ್ತಿದ್ದರು.

ಈ ಶಾಲೆಗಳ ಒಳಗನ್ನು ಕಣ್ಣಿಗೆ ಕಟ್ಟುವಂತೆ ತಿಳಿಸುವ ಬರಹವೊಂದು ನಮಗೆ ದೊರೆತಿರುವುದು ನೆರೆಯ ಬಳ್ಳಾರಿ ಜಿಲ್ಲೆಯಿಂದ. 1818ರ ಫೆಬ್ರುವರಿಯಲ್ಲಿ ಪೇಶವೆಯ ಕೈಯಿಂದ ಬಾದಾಮಿಯ ಕೋಟೆಯನ್ನು ಕಿತ್ತುಕೊಂಡ ಥಾಮಸ್ ಮನ್ರೋ ಎರಡೇ ವರ್ಷಗಳಲ್ಲಿ ಮದರಾಸಿನ ಗವರ್ನರನಾದನು. ಜನರ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಯದೆ ರಾಜ್ಯಭಾರ ನಡೆಸುವುದು ಸರಿಯಲ್ಲವೆಂದು ಬಗೆದು ಆತನು 1822ರ ಜೂನ್ 25ರಂದು ಒಂದು ಟಿಪ್ಪಣಿಯನ್ನು ಬರೆದು, ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕಲೆಕ್ಟರರಿಂದ ತರಿಸಿದನು. ಬಂದ ಉತ್ತರಗಳಲ್ಲಿ ಬಹಳಷ್ಟು ಬರಿಯ ಅಂಕಿಗಳ ಪಟ್ಟಿಗಳು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳಿಸಿದ ವರದಿ ಮಾತ್ರ ಹಾಗಲ್ಲ. ಆತನು ಭಾಷಾವ್ಯಾಸಂಗದಲ್ಲಿ ಆಸಕ್ತಿಯಿದ್ದ ಅಧಿಕಾರಿ. ತೆಲುಗು ವ್ಯಾಕರಣವನ್ನು ಬರೆದವನು. ಶಾಲೆಯೊಳಗೆ ಮಕ್ಕಳು ಏನು ಮಾಡುತ್ತಾರೆ, ಯಾವುದರಿಂದ ಬರೆಯುತ್ತಾರೆ, ಯಾವ ಗ್ರಂಥಗಳನ್ನು ಓದುತ್ತಾರೆ ಎಂಬುದನ್ನೆಲ್ಲ ವಿವರವಾಗಿ ಬರೆದಿದ್ದಾನೆ. ಧರ್ಮಪಾಲರು 1983ರಲ್ಲಿ ಈ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಇದು ಎಲ್ಲರಿಗೂ ಸುಲಭವಾಗಿ ದೊರೆಯುವಂತಾಗಿದೆ. ತುಂಗಭದ್ರೆಯ ಆಚೆಯ ಆ ಸೀಮೆಗೂ ಹುನಗುಂದ, ಇಳಕಲ್ಲುಗಳ ಈ ಸೀಮೆಗೂ ಆಡಳಿತ ಬೇರೆಯಾಗಿದ್ದರೂ, ಕನ್ನಡ ನುಡಿ, ಮಠಗಳ ಸಂಪ್ರದಾಯ, ಮಗ್ಗದ ಬದುಕು ಎರಡೂ ಕಡೆ ಒಂದೇ ಬಗೆಯವಾದುದರಿಂದ, ಆ ವರದಿಯನ್ನು ಇಲ್ಲಿ ಆಧಾರವಾಗಿ ಇಟ್ಟುಕೊಳ್ಳುವುದು ಅನುಚಿತವಾಗಲಾರದು.

ಕ್ಯಾಂಪ್‌ಬೆಲ್ ಕೊಡುವ ಲೆಕ್ಕ ಹೀಗಿದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಕಲಿಯುವವರು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರ್ಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದವು ಸಂಸ್ಕೃತ ಶಾಲೆಗಳು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಈ ಹನ್ನೆರಡೆಂಬ ಸಂಖ್ಯೆಯನ್ನು ವಾಚಕರು ಗಮನಿಸಬೇಕು. ಹನ್ನೆರಡು ಮಕ್ಕಳು, ಹನ್ನೆರಡು ಮನೆಯವರು, ಐದರಿಂದ ಹದಿನೈದರವರೆಗಿನ ಯಾವುದೋ ಒಂದು ವಯಸ್ಸಿನವರು. ಇದು ಇಂದಿನ ಶಾಲೆಗಿಂತ ಒಂದು ದೊಡ್ಡ ಅವಿಭಕ್ತ ಕುಟುಂಬಕ್ಕೆ ಹತ್ತಿರವಾದ ಚಿತ್ರ. ತುಳಸಿಗೇರಿಯ ಆ ತಾಯಿಯ ಪಡಸಾಲೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಐಗಳ ಶಾಲೆಯಾಗುತ್ತದೆ.

ಮಗುವಿಗೆ ಐದು ವರ್ಷ ತುಂಬಿದಾಗ ಐಗಳನ್ನೂ ಶಾಲೆಯ ಮಕ್ಕಳೆಲ್ಲರನ್ನೂ ಮನೆಗೆ ಕರೆದು, ವಿಘ್ನೇಶ್ವರನನ್ನು ಪೂಜಿಸಿ, ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ದೇವರ ನಾಮವನ್ನು ಬರೆಸುತ್ತಿದ್ದರು. 'ಓಂ ನಮಃ' ಎಂಬ ಈ ಮೊದಲ ಬರಹದಿಂದಲೇ 'ಓನಾಮ' ಎಂಬ ಮಾತು ನಮ್ಮಲ್ಲಿ ಅಕ್ಷರಾಭ್ಯಾಸಕ್ಕೆ ಪರ್ಯಾಯವಾಗಿ ನಿಂತಿತು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಹೊಸ ವಿದ್ಯಾರ್ಥಿಯು ಶಾಲೆಗೆ ಹೋಗುವ ಮುನ್ನ ಶಾಲೆಯೇ ಅವನ ಮನೆಗೆ ಬರುತ್ತಿತ್ತು. ಅವನು ಸೇರುವುದು ತನ್ನ ವಯಸ್ಸಿನವರ ಗುಂಪಿಗಲ್ಲ, ಸುತ್ತಲೂ ಕುಳಿತ ಹಿರಿಯ ಕಿರಿಯರ ಒಂದು ಬಳಗಕ್ಕೆ.

ಬೆಳಿಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲುವಾದ ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಬರುಬರುತ್ತ ಏರಿಕೆ. ಹನ್ನೆರಡನೆಯವನ ಪಾಡನ್ನು ವಾಚಕರೇ ಲೆಕ್ಕ ಹಾಕಬಹುದು. ಎಲ್ಲರೂ ಕೂಡಿದ ಮೇಲೆ ಅವರವರ ತಿಳಿವಳಿಕೆಗೆ ಅನುಸಾರವಾಗಿ ಸಾಮಾನ್ಯವಾಗಿ ನಾಲ್ಕು ಪಂಕ್ತಿಗಳು. ಕೆಳಗಿನ ಪಂಕ್ತಿಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು. ಮೇಲಿನವರಿಗೆ ಐಗಳೇ ಪಾಠ ಹೇಳುತ್ತ, ಇಡೀ ಶಾಲೆಯ ಮೇಲೂ ಕಣ್ಣಿಟ್ಟಿರುವರು. ಒಂದು ಪಂಕ್ತಿಯಿಂದ ಮೇಲಿನ ಪಂಕ್ತಿಗೆ ಏರುವುದು ಹುಡುಗನ ಶಕ್ತಿಗೂ ಪ್ರಗತಿಗೂ ತಕ್ಕಂತೆ. ವಯಸ್ಸಾಗಲಿ ವರ್ಷವಾಗಲಿ ಅದಕ್ಕೆ ಕಟ್ಟುಪಾಡಲ್ಲ.

ಕಲಿಕೆಯ ಮೆಟ್ಟಿಲುಗಳೂ ಖಚಿತವಾಗಿದ್ದುವು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ. ಇಲ್ಲಿನ ಮಗು ಅಕ್ಷರವನ್ನು ಬಾಯಿಂದ ಹೇಳಿ ಕಲಿಯುವುದಿಲ್ಲ, ಕೈಯಿಂದ ಬರೆದು ಕಲಿಯುತ್ತದೆ ಎಂಬುದನ್ನು ಕ್ಯಾಂಪ್‌ಬೆಲ್ ವಿಶೇಷವಾಗಿ ಗುರುತಿಸಿದ್ದಾನೆ. ಮರಳಿನಲ್ಲಿ ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನುಣುಪಾದ ಮರದ ತುಂಡು. ಅನ್ನವನ್ನೂ ಇದ್ದಲಿಯ ಪುಡಿಯನ್ನೂ ಅದಕ್ಕೆ ಸವರುವರು. ಕಡತವು ಗಂಜಿ ಹಾಕಿ ಗಡುಸುಗೊಳಿಸಿ, ಪುಸ್ತಕದಂತೆ ಮಡಿಚಿ, ಇದ್ದಲಿ ಮತ್ತು ಅಂಟುಗಳನ್ನು ಬಳಿದ ಬಟ್ಟೆ. ಬರೆಯಲು ಬಳಪ, ಅಳಿಸಲು ಒದ್ದೆ ಅರಿವೆ. ಅಕ್ಷರಗಳಾದ ಮೇಲೆ ಕಾಗುಣಿತ, ಒತ್ತಕ್ಷರ. ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು. ಆಮೇಲೆ ಅಂಕಿ, ಮಗ್ಗಿ, ಹಣಕಾಸಿನ ಕೂಡುವ ಕಳೆಯುವ ಲೆಕ್ಕ, ಅಳತೆ ತೂಕ. ಭಿನ್ನರಾಶಿಗಳಿಗಂತೂ ಅಪಾರ ಶ್ರಮ. ಅವು ಇಂದಿನಂತೆ ಹತ್ತರ ಭಾಗಗಳಲ್ಲ, ನಾಲ್ಕರ ಭಾಗಗಳು: ಕಾಲು, ಕಾಲಿನ ಕಾಲು ವೀಸ, ಮತ್ತೂ ಕೆಳಕ್ಕೆ. ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಭಾವದಿಂದ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಎಂಬ ಮಗ್ಗಿಗಳು ರೂಢಿಯಾದುದನ್ನು ಹಿರಿಯರು ಬಲ್ಲರು. ದಿನಕ್ಕೆ ಎರಡು ಬಾರಿ ಎಲ್ಲ ಮಕ್ಕಳೂ ಸಾಲಾಗಿ ನಿಂತು, ಒಬ್ಬ ಹಿರಿಯ ಹುಡುಗನು ಹೇಳಿದುದನ್ನು ಒಕ್ಕೊರಲಿನಿಂದ ಪುನರುಚ್ಚರಿಸುತ್ತಿದ್ದರು.

ಮೇಲಿನ ಪಂಕ್ತಿಯವರ ಅಭ್ಯಾಸದಲ್ಲಿ ಒಂದು ವಿಶೇಷವುಂಟು. ಐಗಳು ಎಲ್ಲೆಲ್ಲಿಂದಲೋ ಕೂಡಿಸಿ ತಂದ ಹಳೆಯ ಪತ್ರಗಳನ್ನು, ಬೇರೆ ಬೇರೆ ಕೈಬರಹದ ಕಾಗದಗಳನ್ನು ಬಿಡಿಸಿ ಓದುವುದು. ಸಾಮಾನ್ಯ ಪತ್ರಗಳನ್ನೂ ಕರಾರುಗಳನ್ನೂ ತಾವೇ ಬರೆಯುವುದು. ಸಾಲದ ಚೀಟಿಯನ್ನು ಓದಲಾರದ ರೈತನು ಸಾವುಕಾರನ ಬಾಯಿಯ ಮಾತನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಾಗಿದ್ದ ಕಾಲದಲ್ಲಿ ಇದು ಬರಿಯ ಪಾಠವಾಗಿರಲಿಲ್ಲ, ಹೊಲಮನೆಗಳನ್ನು ಕಾಯುವ ವಿದ್ಯೆಯಾಗಿತ್ತು.

ಇಷ್ಟನ್ನೂ ಒಟ್ಟಾಗಿ ಇಟ್ಟು ನೋಡಿದಾಗ ಐಗಳ ಪಾಠಕ್ರಮದಲ್ಲಿ ಎರಡು ಎಳೆಗಳು ಕಾಣುತ್ತವೆ. ಅಕ್ಷರ, ಕಾಗುಣಿತ, ಲೆಕ್ಕ ಇವು ಒಂದರ ಮೇಲೊಂದು ನಿಲ್ಲತಕ್ಕವು. ಇಲ್ಲಿ ಮೆಟ್ಟಿಲು ತಪ್ಪಿಸುವಂತಿಲ್ಲ; ಆದ್ದರಿಂದ ಇಲ್ಲಿ ಪ್ರತಿಯೊಬ್ಬನೂ ತನ್ನ ಮೆಟ್ಟಿಲಿನಲ್ಲಿಯೇ, ತನ್ನ ಹಲಗೆಯ ಮುಂದೆಯೇ ಕೂಡ್ರಬೇಕು. ಆದರೆ ಮಗ್ಗಿಯ ಘೋಷ, ಪದ್ಯಗಳ ವಾಚನ, ಕಥೆ, ಪುರಾಣ ಇವು ಎಲ್ಲರಿಗೂ ಕೂಡಿಯೇ ನಡೆಯುತ್ತಿದ್ದುವು. ಹತ್ತು ವರ್ಷದವನು ಬಾಯಿಪಾಠ ಮಾಡುವ ಪದ್ಯವು ಐದು ವರ್ಷದವನ ಕಿವಿಗೆ ಬರಿಯ ರಾಗವಾಗಿ ಬೀಳುತ್ತದೆ. ಮೂರು ವರ್ಷ ಕಳೆದು ಅವನ ಸರದಿ ಬಂದಾಗ ಅರ್ಧ ಪದ್ಯ ಅವನಿಗೆ ಆಗಲೇ ಬಂದಿರುತ್ತದೆ. ಅದನ್ನೇ ಕಿರಿಯರಿಗೆ ಹೇಳಿಕೊಡುವ ವಯಸ್ಸಿಗೆ ಬಂದಾಗ ಅದು ಮೂರನೆಯ ಸಲ ಹೊಸದಾಗುತ್ತದೆ. ನಾಲ್ಕಾರು ವರ್ಷಗಳ ಈ ಯೋಜನೆಯನ್ನು ಯಾವ ಐಗಳೂ ಕಾಗದದ ಮೇಲೆ ಬರೆದಿಟ್ಟವರಲ್ಲ. ಅದು ಕುಳಿತುಕೊಳ್ಳುವ ಕ್ರಮದಲ್ಲಿಯೇ ಅಡಗಿತ್ತು.

ಓದುತ್ತಿದ್ದ ಗ್ರಂಥಗಳ ಪಟ್ಟಿಯು ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷ ಕುತೂಹಲದ್ದು. ರಾಮಾಯಣ, ಭಾರತ, ಭಾಗವತಗಳು ಎಲ್ಲ ಜಾತಿಯ ಮಕ್ಕಳಿಗೂ ಸಾಮಾನ್ಯ. ಲಿಂಗಧಾರಿಗಳ ಮಕ್ಕಳು ಅದರ ಜೊತೆಗೆ ಓದುತ್ತಿದ್ದವೆಂದು ಕೆಲವು ಹೆಸರುಗಳು ಬರುತ್ತವೆ. ಆಂಗ್ಲ ಬರಹಗಾರನ ಲೇಖನಿಯಲ್ಲಿ ಅವು ಗುರುತು ಹಿಡಿಯಲಾರದಷ್ಟು ವಿಕಾರಗೊಂಡಿವೆ. ಆದರೂ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಇವುಗಳನ್ನು ಬಿಡಿಸಿಕೊಳ್ಳುವುದು ಕಷ್ಟವಲ್ಲ. ರಾಘವಾಂಕನ ಯಾವ ಕಾವ್ಯವೆಂದು ವರದಿ ಹೇಳುವುದಿಲ್ಲ. ಅನುಭವಾಮೃತವು ಮಹಲಿಂಗರಂಗನ ಅದ್ವೈತ ಗ್ರಂಥವೇ ಆಗಿದ್ದಲ್ಲಿ, ಮತದ ಗೆರೆಗಳು ಐಗಳ ಶಾಲೆಯಲ್ಲಿ ಇಂದು ನಾವು ಊಹಿಸುವಷ್ಟು ಬಿಗಿಯಾಗಿರಲಿಲ್ಲವೆಂದು ತಿಳಿಯಬೇಕಾಗುತ್ತದೆ. ಕನ್ನಡ ವ್ಯಾಕರಣಕ್ಕೆ ಶಬ್ದಮಣಿದರ್ಪಣ. ವಿನೋದಕ್ಕೆ ಪಂಚತಂತ್ರ ಮತ್ತು ಬೇತಾಳ ಪಂಚವಿಂಶತಿ.

ಪಟ್ಟಿಯಲ್ಲಿ ವಚನಗಳಿಲ್ಲ. ಪಟ್ಟಿಯು ಸಮಗ್ರವಲ್ಲವಾದುದರಿಂದ ಇದರ ಮೇಲೆ ಹೆಚ್ಚಿನ ಭಾರ ಹೊರಿಸಲಾಗದು. ಆದರೂ ಪುರಾಣಗಳು ಶಾಲೆಗೆ ಬಂದಿದ್ದುವು, ವಚನಗಳು ಹೆಸರಿಸತಕ್ಕ ಪಠ್ಯವಾಗಿರಲಿಲ್ಲ ಎಂಬಷ್ಟನ್ನು ಒಪ್ಪಬಹುದು. ಕ್ಯಾಂಪ್‌ಬೆಲ್‌ನ ವರದಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, 1923ರಲ್ಲಿ, ಡಾ. ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿದ್ದುಕೊಂಡು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಇಂದು ವಚನವಿಲ್ಲದ ಕನ್ನಡ ಪಠ್ಯಪುಸ್ತಕವನ್ನು ಕಲ್ಪಿಸಲಾಗದು. ಮಕ್ಕಳ ಬಾಯಿಗೆ ಮೊದಲು ಬರಬೇಕಾಗಿದ್ದ ತಿಳಿಗನ್ನಡವು ಕೊನೆಗೆ ಬಂದುದು ನಮ್ಮ ವಿದ್ಯಾಭ್ಯಾಸದ ಇತಿಹಾಸದ ಒಂದು ವಿಚಿತ್ರ.

ಏಕೆಂದರೆ ಐಗಳ ಶಾಲೆಯ ಮೇಲೆ ಕ್ಯಾಂಪ್‌ಬೆಲ್ ಹೊರಿಸಿದ ದೊಡ್ಡ ಆಕ್ಷೇಪವೇ ಇದು: ಓದುವ ಗ್ರಂಥಗಳೆಲ್ಲ ಪದ್ಯರೂಪದವು, ಅವುಗಳ ಭಾಷೆಯು ಆಡುವ ಭಾಷೆಗಿಂತ ದೂರವಾದುದು, ಮಕ್ಕಳು ಅರ್ಥವಿಲ್ಲದೆ ಉರುಹಾಕುತ್ತಾರೆ, ಹಲವು ಕಡೆ ಕಲಿಸುವವನಿಗೂ ಅರ್ಥ ತಿಳಿಯದು. ಈ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. ಅರ್ಥ ಹೇಳಿಸಿಕೊಳ್ಳಬೇಕಾದರೆ ಹೆಚ್ಚಿನ ಹಣ ಕೊಡಬೇಕಾಗಿತ್ತು. ಆರಂಭದ ಪಾಠಕ್ಕೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಹಂತಕ್ಕೂ ಮೇಲಿನ ಲೆಕ್ಕಕ್ಕೂ ಅರ್ಧ ರೂಪಾಯಿ. ಕಾವ್ಯಾರ್ಥಕ್ಕೆ ಕೇಳುವ ಸಂಭಾವನೆ ಬಹುತೇಕ ತಂದೆತಾಯಿಗಳ ಕೈಗೆ ಎಟುಕದು. ಹನ್ನೆರಡೂ ಮಕ್ಕಳು ಕಾಲು ರೂಪಾಯಿ ಕೊಟ್ಟರೆ ಐಗಳಿಗೆ ತಿಂಗಳಿಗೆ ಮೂರು ರೂಪಾಯಿ. ಇಷ್ಟರಲ್ಲಿ ಸಂಸಾರ ಹೂಡಿದ ಅಯ್ಯನಿಂದ ಪಾಂಡಿತ್ಯವನ್ನು ಅಪೇಕ್ಷಿಸುವುದು ನ್ಯಾಯವೂ ಅಲ್ಲ. ಶಿಕ್ಷೆಗಳ ವಿಷಯವನ್ನು ಇಲ್ಲಿ ಬೆಳೆಸುವುದು ಬೇಡ. ಹುಡುಗರನ್ನು ಕೈಕಟ್ಟಿ ಜಂತಿಗೆ ತೂಗುಹಾಕುತ್ತಿದ್ದ ಪದ್ಧತಿಯನ್ನು ಹಳೆಯದೆಂಬ ಕಾರಣಕ್ಕೆ ಸಮರ್ಥಿಸುವವರ ಸಾಲಿನಲ್ಲಿ ಪ್ರಸ್ತುತ ಲೇಖಕನಿಲ್ಲ.

ಇದಕ್ಕಿಂತ ನೋವಿನ ಸಂಗತಿ ಬೇರೊಂದಿದೆ. ಆ 6,641 ಜನರಲ್ಲಿ ಹೆಣ್ಣುಮಕ್ಕಳು ಕೇವಲ 60. ನೂರಕ್ಕೆ ಒಬ್ಬಳೂ ಇಲ್ಲ. ಅಕ್ಕಮಹಾದೇವಿ, ನೀಲಮ್ಮ, ಲಕ್ಕಮ್ಮರ ಹೆಸರು ಹೇಳುವ ಸಮಾಜದ ಮಕ್ಕಳೂ ಓದುತ್ತಿದ್ದ ಶಾಲೆಗಳಿವು. ಶುಲ್ಕ ಕೊಡಲಾರದ ದುಡಿಯುವ ವರ್ಗದ ಮಕ್ಕಳೂ ಬಹುಮಟ್ಟಿಗೆ ಹೊರಗೆಯೇ ಉಳಿದಿದ್ದರು. ಒಟ್ಟು ಜನಸಂಖ್ಯೆಯ ಸಾವಿರಕ್ಕೆ ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಈ ಅವನತಿಗೆ ಕಾರಣವನ್ನು ಆ ಕಲೆಕ್ಟರನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ವಿಲಾಯತಿಯ ಬಟ್ಟೆ ಬಂದು ಇಲ್ಲಿನ ನೇಕಾರರ ಗಳಿಕೆ ಕುಸಿಯಿತು, ನಾಡು ಬಡವಾಯಿತು, ಎಳೆಯ ಕೈಗಳಿಗೆ ದುಡಿಯುವ ಬಲ ಬಂದೊಡನೆ ಅವುಗಳನ್ನು ಕೆಲಸಕ್ಕೆ ಹಚ್ಚುವುದು ಅನಿವಾರ್ಯವಾಯಿತು. ಇಳಕಲ್ಲು, ಗುಳೇದಗುಡ್ಡಗಳ ಮನೆಗಳಲ್ಲಿ ಮಕ್ಕಳು ಕಂಡಿಕೆ ಸುತ್ತುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹದಿನಾಲ್ಕು ಹದಿನೈದು ವರ್ಷಗಳವರೆಗೆ ಓದಿಸಬಲ್ಲ ಮನೆಗಳೂ ಇದ್ದುವು. ಐದು ವರ್ಷಕ್ಕೇ ಬಿಡಿಸುವ ಮನೆಗಳೂ ಇದ್ದುವು. ವಯಸ್ಸಿನ ಕಟ್ಟಿಲ್ಲದ ಶಾಲೆಯಾದುದರಿಂದ ಸುಗ್ಗಿಗೆ ಹೋದವನು ಮರಳಿ ಬಂದು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವುದಕ್ಕಾದರೂ ಎಡೆಯಿತ್ತು.

ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಕಲಿಸುತ್ತ ತನ್ನ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಮಾತ್ರ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡಿನಲ್ಲಿ ಅದರ ಅನುಕರಣೆ ನಡೆದುದು ಯೋಗ್ಯವೇ ಎಂದನು. ಆತನು ನೆನೆದುದು ಆಂಡ್ರೂ ಬೆಲ್‌ನ ಪ್ರಯೋಗವನ್ನು. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಬೆಲ್, ಊರ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಕಲಿಸುವವರು ಒಪ್ಪದಾದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಅಕ್ಷರದ ಪಂಕ್ತಿಗೆ ಗುರುವನ್ನಾಗಿ ನಿಲ್ಲಿಸಿದನು. 1797ರಲ್ಲಿ ಆತನು ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಿಕೆಯಿಂದ ಮದರಾಸು ಪದ್ಧತಿ ಎಂಬ ಹೆಸರಿನಲ್ಲಿ ಇದು ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಅಲ್ಲಿಗೆ ಹೋದ ಮೇಲೆ ಅದರ ಸ್ವರೂಪ ಬದಲಾಯಿತು. ಹನ್ನೆರಡು ಮಕ್ಕಳ ಪೌಳಿಯ ಪದ್ಧತಿಯನ್ನು ನೂರಾರು ಮಕ್ಕಳ ಹಜಾರಕ್ಕೆ ಹಿಗ್ಗಿಸಿದಾಗ, ಹೇಳಿಕೊಡುವ ಹುಡುಗನು ಅಣ್ಣನಾಗಿ ಉಳಿಯಲಿಲ್ಲ, ದಳವಾಯಿಯಾದನು.

ಇತ್ತ ನಮ್ಮಲ್ಲಿ ವಿದ್ಯಾಖಾತೆಯು ತರಗತಿಗಳನ್ನು ನಿಗದಿಮಾಡಿತು. ತಪಾಸಣೆಗೆ ಅಧಿಕಾರಿಗಳು ಬಂದರು. ತೇರ್ಗಡೆಯಾದವರ ಸಂಖ್ಯೆಯನ್ನು ನೋಡಿ ಅನುದಾನ ಕೊಡುವ ಕ್ರಮ ಬಂದಿತು. ಏಣಿಯ ತುದಿಯಲ್ಲಿ ಮುಲ್ಕಿ ಪರೀಕ್ಷೆ. 1818ರ ನಂತರವೂ ಹಲವು ವರ್ಷ ಮರಾಠಿಯ ಅಡಿಯಲ್ಲಿ ನಲುಗಿದ್ದ ಕನ್ನಡಕ್ಕೆ ಇದರಿಂದ ಲಾಭವೇ ಆಯಿತು. ಡೆಪ್ಯುಟಿ ಚೆನ್ನಬಸಪ್ಪನವರಂಥ (1834-1881) ಮಹನೀಯರು ಕನ್ನಡ ಶಾಲೆಗಳಿಗಾಗಿ ಪಟ್ಟ ಪರಿಶ್ರಮವನ್ನು ಕೃತಜ್ಞತೆಯಿಂದ ನೆನೆಯಬೇಕು. ಹೆಣ್ಣುಮಕ್ಕಳೂ ಹೊರಗುಳಿದ ಜಾತಿಗಳವರೂ ಶಾಲೆಯ ಬಾಗಿಲನ್ನು ಕಂಡದ್ದು ಹೊಸ ವ್ಯವಸ್ಥೆಯಲ್ಲಿಯೇ, ಐಗಳ ಪೌಳಿಯಲ್ಲಲ್ಲ. 1882ರ ಹಂಟರ್ ಆಯೋಗವು ದೇಶೀ ಶಾಲೆಗಳನ್ನು ಮನ್ನಿಸಿ ಪೋಷಿಸಬೇಕೆಂದು ಶಿಫಾರಸು ಮಾಡಿತಾದರೂ, ಪೋಷಣೆಗೆ ಒಳಗಾಗಬೇಕಾದರೆ ತರಗತಿಯ ಅಚ್ಚಿಗೆ ಇಳಿಯಲೇಬೇಕಾಗಿತ್ತು. ಅಚ್ಚಿಗೆ ಇಳಿದ ಮೇಲೆ ಅದು ಗಾವಠಿ ಶಾಲೆಯಾಗಿ ಉಳಿಯಲಿಲ್ಲ.

ಆದರೂ ಒಂದು ಕವಲು ನಮ್ಮ ಸೀಮೆಯಲ್ಲಿಯೇ ಮುಂದುವರಿಯಿತು. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು (1867-1930) ಪೂರ್ವಾಶ್ರಮದಲ್ಲಿ ಹಾಲಯ್ಯನೆಂಬ ಹೆಸರಿನ ತರುಣರಾಗಿದ್ದಾಗ ಲಿಂಗದಹಳ್ಳಿಯಲ್ಲಿ ಗಾವಠಿ ಶಾಲೆಯ ಮಕ್ಕಳಿಗೆ ಪಾಠ ಹೇಳಿದವರೆಂಬುದು ಅವರ ಚರಿತ್ರೆಯನ್ನು ಓದಿದವರಿಗೆ ವಿದಿತವೇ ಇದೆ. 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದ ಪೂಜ್ಯರು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮುಂದೆ ಮಠಾಧೀಶರಾಗಬೇಕಾದ ವಟುಗಳು ಅಲ್ಲಿ ಕೂಡಿ ಬೆಳೆದರು. ಸಂಸ್ಕೃತ, ಕನ್ನಡ, ಯೋಗ, ಸಂಗೀತ, ಆಯುರ್ವೇದ ಇವು ಅಲ್ಲಿನ ಅಭ್ಯಾಸದ ಅಂಗಗಳು. ಪೂಜೆ, ಪ್ರಸಾದ, ಪ್ರವಚನಗಳು ಎಲ್ಲರಿಗೂ ಒಂದೇ. ಶಾಸ್ತ್ರಪಾಠಗಳು ಅವರವರ ಹಂತಕ್ಕೆ ತಕ್ಕಂತೆ. ಬಾಗಲಕೋಟೆಯಲ್ಲಿ 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಹೊಸ ಬಗೆಯ ತರಗತಿ ಶಾಲೆಗಳ ದಾರಿಯನ್ನು ಹಿಡಿದಿತ್ತು. ಮೂರೇ ವರ್ಷಗಳ ಅಂತರದಲ್ಲಿ, ಅಷ್ಟು ಹತ್ತಿರದಲ್ಲಿ, ಮಂದಿರವು ಹಳೆಯ ಗುರುಕುಲದ ದಾರಿಯನ್ನು ಹಿಡಿಯಿತು. ಒಂದೇ ಸಮಾಜವು ಎರಡನ್ನೂ ಬೇಕೆಂದುದು ಅರ್ಥಪೂರ್ಣವಾಗಿದೆ.

ಸರಕಾರಿ ಶಾಲೆಗಳೂ ಕಾಲಾಂತರದಲ್ಲಿ ಹಳೆಯ ಪೌಳಿಯ ಕಡೆಗೆ ಒಮ್ಮೆ ಹೊರಳಿ ನೋಡಿದುವು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು, ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು, ನಲಿ-ಕಲಿ ಎಂಬ ಪದ್ಧತಿಯನ್ನು ಆರಂಭಿಸಿದರು. 2009-10ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಪ್ರತಿ ಮಗುವಿಗೂ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲು. ಶಿಕ್ಷಕರ ಪೂರ್ಣ ನೆರವಿನ ಗುಂಪು, ಸಹಪಾಠಿಯ ನೆರವಿನ ಗುಂಪು, ಸ್ವಂತವಾಗಿ ಕಲಿಯುವ ಗುಂಪು. ಕ್ಯಾಂಪ್‌ಬೆಲ್ ಕಂಡ ನಾಲ್ಕು ಪಂಕ್ತಿಗಳನ್ನು ನೆನೆಯದೆ ಇದನ್ನು ಓದುವುದು ಕಷ್ಟ. 2020ರ ಆಗಸ್ಟಿನಲ್ಲಿ ಬಂದ ವಿದ್ಯಾಗಮವಂತೂ ಮಕ್ಕಳನ್ನು ಅಕ್ಷರಶಃ ಪೌಳಿಗೆ ಮರಳಿಸಿತು. ಗುಡಿಯ ಕಟ್ಟೆ, ಮಠದ ಅಂಗಳ, ಮರದ ನೆರಳು ಇವೇ ವಠಾರ ಶಾಲೆಗಳಾದುವು. ಒಂದು ಓಣಿಯ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಅಕ್ಟೋಬರಿನ ಆ ದಿನಗಳಲ್ಲಿಯೇ ತುಳಸಿಗೇರಿಯ ತಾಯಿಗೆ ಉತ್ತರ ಹೇಳಲು ಅವಕಾಶ ಒದಗಿತು. ಮೂರು ಒಲೆ ಬೇಡ, ಒಂದೇ ಒಲೆಯ ಮೇಲೆ ಅನ್ನವಾಗಲಿ, ಬಡಿಸುವಾಗ ತಟ್ಟೆ ಬೇರೆಯಿರಲಿ ಎಂದು ಅವರ ಮಾತಿನಲ್ಲಿಯೇ ಹೇಳಿದೆವು. ಅಕ್ಷರ ಮತ್ತು ಲೆಕ್ಕಕ್ಕೆ ಬೆಳಗಿನ ಹೊತ್ತು, ಮೂವರಿಗೂ ಅವರವರ ಮೆಟ್ಟಿಲು. ಇಲ್ಲಿ ಅವಸರ ಬೇಡ, ಬೆರಕೆ ಬೇಡ. ಉಳಿದುದೆಲ್ಲ ಕೂಡಿಯೇ. ಮೂರು ಶ್ರಾವಣಗಳಿಗೆ ಮೂರು ಕಾವ್ಯಗಳು: ಒಂದು ವರ್ಷ ಬಸವಪುರಾಣದ ಕಥೆಗಳು, ಮರುವರ್ಷ ಪ್ರಭುಲಿಂಗಲೀಲೆ, ಮೂರನೆಯ ವರ್ಷ ಹರಿಶ್ಚಂದ್ರಕಾವ್ಯ. ಯಾವುದು ಮೊದಲಾದರೂ ಬಾಧಕವಿಲ್ಲ. ನಾಲ್ಕನೆಯ ಶ್ರಾವಣಕ್ಕೆ ಮೊದಲಿನದು ಮರಳಿ ಬಂದಾಗ ಕಿರಿಯವನಿಗೆ ಎಂಟಾಗಿರುತ್ತದೆ, ಕಥೆಯಾಗಿ ಕೇಳಿದುದನ್ನು ಅಕ್ಷರದಲ್ಲಿ ಓದುತ್ತಾನೆ. ಇತಿಹಾಸಕ್ಕೆ ದೂರ ಹೋಗಬೇಕಾಗಿಲ್ಲ. ಒಂದು ವರ್ಷ ಬಾದಾಮಿ, ಒಂದು ವರ್ಷ ಐಹೊಳೆ, ಒಂದು ವರ್ಷ ಕೂಡಲಸಂಗಮ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕಿರಿಯವನು ಕಂಬಗಳನ್ನು ಎಣಿಸಲಿ, ನಡುವಿನವನು ವಿಷ್ಣುವಿನ ಚಿತ್ರ ಬರೆಯಲಿ, ಹಿರಿಯವಳು ಅಲ್ಲಿನ 578ರ ಮಂಗಲೇಶನ ಶಾಸನವು ಏನು ಹೇಳುತ್ತದೆಂದು ತಿಳಿದು ತಮ್ಮಂದಿರಿಗೆ ಹೇಳಲಿ. ಐಹೊಳೆಯ ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನವಿದೆ.

ಹಿರಿಯವಳ ವಿಷಯದಲ್ಲಿ ಮಾತ್ರ ಒಂದು ಅಂಜಿಕೆಯನ್ನು ಬಚ್ಚಿಡಲಿಲ್ಲ. ತಮ್ಮಂದಿರಿಗೆ ಹೇಳಿಕೊಡುವುದರಿಂದ ಅವಳ ವಿದ್ಯೆ ಗಟ್ಟಿಯಾಗುವುದು ನಿಜ. ಆದರೆ ಐಗಳ ಶಾಲೆಯಲ್ಲಿ ಕೆಳಗಿನ ಪಂಕ್ತಿಯನ್ನು ನೋಡಿಕೊಂಡ ಹುಡುಗನು ಅನಂತರ ತಾನೂ ಐಗಳ ಎದುರಿಗೆ ಕುಳಿತು ಮೇಲಿನ ಪಾಠ ಹೇಳಿಸಿಕೊಳ್ಳುತ್ತಿದ್ದನು. ಮನೆಯಲ್ಲಿ ಹೆಣ್ಣುಮಗಳಿಗೆ ಆ ಎರಡನೆಯ ಭಾಗವು ತಪ್ಪಿಹೋಗುವುದು ಬಲು ಸುಲಭ. ತಮ್ಮಂದಿರ ಪಾಠ ಮುಗಿದೊಡನೆ ಅವಳನ್ನು ಕಸಮುಸುರೆ ಕಾಯುತ್ತಿರುತ್ತದೆ. ಅವಳಿಗೆ ಪ್ರತಿದಿನವೂ ಒಂದು ಗಂಟೆ ಅವಳದೇ ಆಗಿರಬೇಕು, ತಮ್ಮಂದಿರು ಹೊರಗೆ ಆಡಿಕೊಂಡಿರಬೇಕು ಎಂದಾಗ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗಂಟೆಯಲ್ಲಿ ಏನು ಓದಿಸಲಿ ಎಂದು ಕೇಳಿದರು. ಮನೆಯಲ್ಲಿ ಹಳೆಯ ಕಾಗದಪತ್ರಗಳಿವೆಯೇ ಎಂದು ಕೇಳಿದೆವು.

ಇದ್ದುವು. ಅರಿವೆಯ ಗಂಟಿನಲ್ಲಿ ಹೊಲದ ಉತಾರ, ಒಂದೆರಡು ಸಾಲದ ಚೀಟಿಗಳು, ಕೈಬರಹದ ಒಂದು ಖರೀದಿಪತ್ರ. ಮುಂದಿನ ಸಲ ಅವರು ಬಂದಾಗ ಮಗಳೂ ಜೊತೆಗಿದ್ದಳು. ಖರೀದಿಪತ್ರದ ಮೋಡಿಯಂಥ ಓಟದ ಅಕ್ಷರಗಳನ್ನು ಬಿಡಿಸಲು ಅವಳಿಗೆ ಹನ್ನೊಂದು ದಿನ ಬೇಕಾಯಿತಂತೆ. ಚತುಃಸೀಮೆಯ ವಿವರವನ್ನು ತಡವರಿಸದೆ ಓದಿದಳು. ಕೊನೆಯ ಸಾಲಿಗೆ ಬಂದು, ಎಡಗೈ ಹೆಬ್ಬೆಟ್ಟಿನ ಮಸುಕಾದ ಗುರುತಿನ ಕೆಳಗೆ ಬರೆದ ಹೆಸರನ್ನು ಎರಡು ಸಲ ಓದಿ, "ಇದು ನಮ್ಮ ಮುತ್ತಜ್ಜಿ ಹೆಸರು ಅಲ್ಲೇನವ್ವಾ?" ಎಂದು ತಾಯಿಯ ಕಡೆಗೆ ನೋಡಿದಳು.